ಸೊನ್ನೆ ರೂಪಾಯಿ ತಿಕೀಟು

ದೇವರ ಹಿಪ್ಪರಗಿಯಾಗ ಹತ್ತಿದಿರಿ ನೀವು,
ಮುಂಜಾನಿ ಏಳೂವರಿ, ಸಿಂದಗಿ–ವಿಜಯಪುರ ಗಾಡಿ,
ಕೈಯಾಗ ಬುತ್ತಿಚೀಲ, ಮೊಣಕಾಲಿಗೆ ಪಟ್ಟಿ.
ಬಾಗಿಲಕ್ಕ ಜೋತುಬಿದ್ದ ಕಾಲೇಜು ಹುಡುಗರನ್ನ
ನಾ ಒಳಗ ತಳ್ಳತಿದ್ದೆ.
"ಸ್ವಲ್ಪ ಸರೀಯವ್ವ, ಕುಂದರತೇನಿ" ಅಂತ ಒಂದು ದನಿ.

ದನಿ ಮೊದಲ ಗುರುತು ಹತ್ತಿತು. ಮಾರಿ ಆಮ್ಯಾಲೆ.
ಆ ರಾತ್ರಿ ನಿಮ್ಮ ಮಾರಿ ನಾ ನೆಟ್ಟಗ ನೋಡೇ ಇದ್ದಿಲ್ಲ;
ಟೇಬಲ್ಲಿನ ಮ್ಯಾಲ ಅಂಗಾತ ಬಿದ್ದಾಕಿಗೆ ಕಾಣೂದು
ಒಂದು ಟ್ಯೂಬಲೈಟು, ಅದರ ಹಂತೇಲೆ ಒಂದು ಹಲ್ಲಿ.

ಒಂಬತ್ತು ವರ್ಷದ ಹಿಂದ, ಸಿಂದಗಿ ಸರಕಾರಿ ದವಾಖಾನಿ.
ಬ್ಯಾನಿ ಸುರುವಾಗಿ ಎರಡು ಸಲ ಹೊತ್ತು ಮುಳುಗಿತ್ತು.
ಕೂಸು ಉಲ್ಟಾ ಕುಂತದ ಅಂದರು.
ವಿಜಯಪುರಕ್ಕ ಒಯ್ರಿ ಅಂದರು. ಒಯ್ಯೂ ಗಾಡಿ
ಆಲಮೇಲದ ಕಡೆ ಹೋಗಿತ್ತು, ಬ್ಯಾರೆ ಯಾರದೋ ಬ್ಯಾನಿಗೆ.
ಆಯಾ ಒಬ್ಬಾಕಿ ತೊಡಿಗೆ ಬಡಿದು ಕೇಳಿದಳು:
"ಆವಾಗ ಒದರಲಿಲ್ಲ, ಈಗ್ಯಾಕ ಒದರತೀ?"
ನೀವು ಆಕಿಗೆ ಬೈಲಿಲ್ಲ.
"ಹೋಗು, ಚಾ ಕುಡದು ಬಾ" ಅಂದಿರಿ, ಅಷ್ಟ.
ಬಾಗಿಲಾ ಮುಚ್ಚಿ, ನನ್ನ ಕಿವಿಗೆ ಬಗ್ಗಿ:
"ಒದರು ತಂಗಿ. ಒದರೂದಕ್ಕ ರೊಕ್ಕ ಬೀಳೂದಿಲ್ಲ."

ಒದರಿದೆ.
ನಿಮ್ಮ ಮಣಿಕಟ್ಟು ಹಿಡಿದು, ಉಗುರು ಇಳಿಯೂ ಹಂಗ ಒದರಿದೆ.
ಮೊದಲ ಕಾಲು ಬಂದುವು, ಆಮ್ಯಾಲೆ ನಡ, ಆಮ್ಯಾಲೆ
ಏನೂ ಬರಲಿಲ್ಲ.
ಕತ್ತಲ ಬಾವ್ಯಾಗ ಇಳಿಬಿಟ್ಟ ಹಗ್ಗದಂಗ ನಿಮ್ಮ ದನಿ ಒಂದ:
"ತಡಿ… ತಡಿ… ಈಗ ಬ್ಯಾಡ…
ಈಗ. ಈಗ, ನನ್ನವ್ವ, ಈಗ."

ಕೂಸು ಅಳಲಿಲ್ಲ.
ಶಾಯಿ ಚೆಲ್ಲಿದ ಅರಿವಿಯಂಥ ನೀಲಿ.
ಎರಡು ನಿಮಿಷ ಅಂತ ಹಿಂದಾಗಡೆ ಯಾರೋ ಹೇಳಿದರು.
ಬೆನ್ನು ತಿಕ್ಕಿದಿರಿ, ಅಂಗಾಲಿಗೆ ಬೆರಳಲೆ ಹೊಡೆದಿರಿ,
ಸಣ್ಣ ಚೀಲ ಒತ್ತಿ ಒತ್ತಿ ಗಾಳಿ ಕೊಟ್ಟಿರಿ.
ಅದು ಸೀನಿತು.
ಹೌದು, ಅಳೂಕಿಂತ ಮೊದಲ ಸೀನಿತು. ನೀವು ನಕ್ಕಿರಿ.

ಏಪ್ರನ್ ಕಿಸೇದಾಗಿಂದ ಒಂದು ಖಜೂರಿ ತಗದು ಹೋಳು ಮಾಡಿ
ಅರ್ಧ ನನ್ನ ಬಾಯಾಗ ಇಟ್ಟಿರಿ, ಅರ್ಧ ನೀವು ತಿಂದಿರಿ.
ಗೋಡಿ ಗಡಿಯಾರದಾಗ ಹನ್ನೊಂದೂವರಿ.
ನಿಂತಲ್ಲೇ ಒಂದು ತಂಬಿಗಿ ನೀರು ಗಟಗಟ ಕುಡಿದಿರಿ.
ಇಷ್ಟ್ಯಾಕ ನೀರಡಿಕಿ ಅಂತ ನಾ ಕೇಳಲಿಲ್ಲ.
ಮುಂಜಾನಿ ಎಚ್ಚರಾಗೂದ್ರಾಗ ನಿಮ್ಮ ಡ್ಯೂಟಿ ಮುಗಿದಿತ್ತು.
ಹೆಸರು ಕೇಳಿದರ "ಯಾವ ಸಿಸ್ಟರು?" ಅಂದರು.

ಇವತ್ತು ನಿಮ್ಮ ಆಧಾರ ಕಾರ್ಡು ನನ್ನ ಕೈಯಾಗ.
ಜೈತುನಬಿ ನದಾಫ.
ಎರಡು ಸಲ ಓದಿದೆ.
ಆ ತಿಂಗಳು ಯಾವುದಿತ್ತು, ಆ ಖಜೂರಿ
ಸಂಜೀ ಏಳಕ್ಕ ತಿನ್ನೂದಿತ್ತು, ಬೆಳಗಿನ ನಾಕರಿಂದ
ನಿಮ್ಮ ಗಂಟಲಕ್ಕ ಒಂದು ಹನಿ ಇಳಿದಿದ್ದಿಲ್ಲ ಅನ್ನೂದು
ಒಂಬತ್ತು ವರ್ಷ ಕಳದ ಮ್ಯಾಲೆ,
ಗಾಡಿ ಹೊಂಡದಾಗ ಜಿಗಿದಾಗ, ತಿಳೀತು.

ಪುಕಟ್ಟೆ ತಿಕೀಟಾದರೂ ಕೊಡಬೇಕಂದೆ.
ಈಗ ಹೆಣ್ಣುಮಕ್ಕಳಿಗೆಲ್ಲ ಪುಕಟ್ಟೇನ.
ನನ್ನ ಕಡೆ ಇದ್ದ ಒಂದು ಕೊಡುಗಿನೂ ಸರಕಾರ ಕೊಟ್ಟುಬಿಟ್ಟಿತ್ತು.
ಮಿಷಿನ್ನು ಚರ್ ಅಂತು: ಸೊನ್ನೆ ರೂಪಾಯಿ.
ನೀವು ಕೈ ಚಾಚಿದಿರಿ. ನಾ ಮಣಿಕಟ್ಟು ನೋಡಿದೆ.
ಬಳಿಯ ಕೆಳಗ ಸಣ್ಣ ಸಣ್ಣ ಬಿಳೇ ಗೆರಿ.
ನನ್ನವೇನು? ಎಷ್ಟು ಊರಿನ ಎಷ್ಟು ಮಂದಿ ಉಗುರೋ.

"ಕಿಟಕಿ ಮುಚ್ಚವ್ವ, ಧೂಳಿ ಬರತದ."
ಮುಚ್ಚಿದೆ.
ಕೂಸು ಈಗ ನಾಕನೇ ಇಯತ್ತೆ, ಸಿಸ್ಟರ,
ಧೂಳಿ ಕಂಡರ ಇನ್ನೂ ಸೀನತಾಳ ಅಂತ ಹೇಳೂದಿತ್ತು.
ಹಿಟ್ನಳ್ಳಿ ಬಂತು. ಇಪ್ಪತ್ತು ಮಂದಿ ಹತ್ತಿದರು.

ನೀವು ಕೈ ಮಾಡಿದ ಓಣಿ ಮುಂದ ಸ್ಟಾಪಿಲ್ಲ.
ಸೀಟಿ ಊದಿ ನಿಲ್ಲಿಸಿದೆ.
ಮೊಣಕಾಲು ಹಿಡಿದು, ಒಂದೊಂದ ಮೆಟ್ಟಲಾ, ಇಳಿದಿರಿ.
ಎರಡು ನಿಮಿಷ ಹಿಡೀತು.
ಡ್ರೈವರ ಹಾರ್ನು ಹೊಡೆದ, ಹಿಂದ ಮಂದಿ ಒದರಿದರು.
ಒದರ್ರಿ, ಅಂದೆ. ಒದರೂದಕ್ಕ ರೊಕ್ಕ ಬೀಳೂದಿಲ್ಲ.

ಸ್ಟ್ಯಾಂಡಿನಾಗ ಕಾಲು ಕಿಲೋ ಖಜೂರಿ ತಗೊಂಡೇನಿ.
ರೊಕ್ಕದ ಚೀಲದಾಗ ಅದಾವ, ಚಿಲ್ಲರಕ್ಕೆಲ್ಲ ಅಂಟಾಕತ್ತಾವ.
ನಾಳೆನೂ ನನಗ ಇದ ಗಾಡಿ,
ಏಳೂವರಿಗೆ ಹಿಪ್ಪರಗಿ.